ಪಾರ್ಕು, ಮೈದಾನದ ಯೋಜನೆಗೆ ನಾಗರಿಕ ಸಮಿತಿ: ಸಲಹೆ ಫೈಲಿನಲ್ಲೇ ಉಳಿಯದಂತೆ ಕೊಡುವುದು ಹೇಗೆ?

ನಗರದ ತೆರೆದ ಜಾಗ ಅಂದರೆ ಪಾರ್ಕು ಮಾತ್ರ ಅಲ್ಲ. ಆಟದ ಮೈದಾನ, ಕೆರೆ ದಂಡೆ, ಹೊಳೆ ಪಕ್ಕದ ಬಯಲು, ಮಳೆನೀರು ಇಂಗುವ ತಗ್ಗು, ಜನ ಕೂತು ಮಾತಾಡುವ ಚೌಕ ಎಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳ ಯೋಜನೆಗೆ ಸಲಹೆ ಕೊಡಲು ನಾಗರಿಕರ ಸಮಿತಿ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಸಮಿತಿಯೂ ಆಗುತ್ತದೆ. ಜನ ಉತ್ಸಾಹದಿಂದ ಬರುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಆದರೆ ಅಂತಿಮ ಯೋಜನೆಯಲ್ಲಿ ಅವರ ಮಾತಿನ ಗುರುತೇ ಇರುವುದಿಲ್ಲ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೆಚ್ಚಿನ ಸಲ ಕಾರಣ ಅಧಿಕಾರಿಗಳ ಕೆಟ್ಟತನ ಅಲ್ಲ. ಸಲಹೆ ತಡವಾಗಿ ಬಂದಿರುತ್ತದೆ, ಮತ್ತು ಅದನ್ನು ಹಿಡಿದು ಯಾರೂ ಕೆಲಸ ಶುರು ಮಾಡಲು ಆಗದ ಹಾಗೆ ಬರೆದಿರುತ್ತಾರೆ.

ಈ ತೊಂದರೆ ಹಳೆಯದು. ಅಮೆರಿಕದಲ್ಲಿ 1954ರ ವಸತಿ ಕಾಯ್ದೆ ಬಂದ ಮೇಲೆ, ನಗರ ನವೀಕರಣಕ್ಕೆ ಕೇಂದ್ರದ ಹಣ ಬೇಕಿದ್ದರೆ ನಾಗರಿಕರ ಪಾಲುಗಾರಿಕೆ ತೋರಿಸಬೇಕಾಯಿತು. ಊರೂರಲ್ಲಿ ಸಲಹಾ ಸಮಿತಿಗಳು ಹುಟ್ಟಿಕೊಂಡವು. 1969ರಲ್ಲಿ ಅಲ್ಲಿನ ವಸತಿ ಇಲಾಖೆಯಲ್ಲಿ ಕೆಲಸ ಮಾಡಿದ್ದ ಶೆರಿ ಆರ್ನ್‌ಸ್ಟೈನ್ ಅವರು ನಾಗರಿಕರ ಪಾಲುಗಾರಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಬರೀ ಒಪ್ಪಿಗೆಯ ಮುದ್ರೆ ಒತ್ತಲು ಕೂರಿಸಿದ ಸಲಹಾ ಸಮಿತಿಗಳನ್ನು ಅವರು ಇಟ್ಟದ್ದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ. ಅಲ್ಲಿಂದ ಮೇಲೆ ಬರಲು ಏನೇನು ಮಾಡಬೇಕು ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಆದೇಶಪತ್ರ, ಆಮೇಲೆ ಸಭೆ

ಸಮಿತಿ ಯಾಕೆ, ಎಷ್ಟು ಕಾಲ, ಯಾವ ಪ್ರಶ್ನೆಗೆ ಸಲಹೆ ಕೊಡಬೇಕು ಅನ್ನುವುದು ಬರವಣಿಗೆಯಲ್ಲಿ ಇರಬೇಕು. ಅದರಲ್ಲಿ ಎರಡು ಸಾಲು ಇಲ್ಲದಿದ್ದರೆ ಸದಸ್ಯರಾಗಲು ಒಪ್ಪಬೇಡಿ. ಒಂದು, ನಕ್ಷೆ ಬರೆಯಲು ಶುರು ಮಾಡುವ ಮೊದಲೇ ಸಮಿತಿಯ ಮಾತು ಕೇಳಬೇಕು. ಎರಡು, ಬರೆದು ಕೊಟ್ಟ ಪ್ರತಿ ಶಿಫಾರಸಿಗೂ ಇಂತಿಷ್ಟು ದಿನದೊಳಗೆ ಬರೆದೇ ಉತ್ತರ ಕೊಡಬೇಕು. ಒಪ್ಪಲಿ, ಬಿಡಲಿ, ಕಾರಣ ಹೇಳಬೇಕು.

ಸಲಹಾ ಸಮಿತಿಗೆ ಗಟ್ಟಿ ಅಧಿಕಾರ ಕೊಡಲು ಆಗುವುದೇ ಇಲ್ಲ ಅನ್ನುವವರಿಗೆ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರದ ಉದಾಹರಣೆ ಕೊಡಿ. ಅಲ್ಲಿನ ಮತದಾರರು 1967ರಲ್ಲಿ ತೆರೆದ ಜಾಗ ಕೊಳ್ಳುವುದಕ್ಕೆ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡರು. ಆ ಜಾಗಗಳನ್ನು ನೋಡಿಕೊಳ್ಳಲು ಐದು ಜನ ನಾಗರಿಕರ ಮಂಡಳಿ ಇದೆ. ಅವರಲ್ಲಿ ಕನಿಷ್ಠ ಮೂವರು ಒಪ್ಪಿ ಮತ ಹಾಕದೆ ನಗರಸಭೆ ಆ ಜಾಗವನ್ನು ಮಾರುವ ಹಾಗಿಲ್ಲ. ಇದು ನಗರದ ಮೂಲ ಸನ್ನದಿನಲ್ಲೇ ಇದೆ. ಮಿಕ್ಕ ವಿಷಯಗಳಲ್ಲಿ ಆ ಮಂಡಳಿಯೂ ಹೆಚ್ಚಾಗಿ ಸಲಹೆಯನ್ನೇ ಕೊಡುತ್ತದೆ. ಜಾಗ ಕೈತಪ್ಪಿ ಹೋಗುವ ಒಂದು ವಿಷಯದಲ್ಲಿ ಮಾತ್ರ ಅದರ ಮಾತು ಕಡ್ಡಾಯ. ನನ್ನ ಪ್ರಕಾರ ಸಮಿತಿಗೆ ಹಲವು ಸಣ್ಣ ಅಧಿಕಾರ ಕೇಳುವುದಕ್ಕಿಂತ ಈ ಒಂದನ್ನು ಕೇಳುವುದು ಮೇಲು.

ಹೆಜ್ಜೆ 2: ಯಾರು ಕೂರಬೇಕು

ಒಂಬತ್ತರಿಂದ ಹದಿನೈದು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾ ಕೂರುತ್ತಾರೆ.

ಸಂಘಗಳಿಂದ ಹೆಸರು ಕೇಳಿ ತುಂಬಿಸುವುದು ಸುಲಭದ ದಾರಿ. ಆಗ ಬರುವವರು ಯಾರು? ಬಿಡುವು ಇರುವವರು, ಸ್ವಂತ ಮನೆ ಇರುವವರು, ಮೊದಲೇ ಅಧಿಕಾರಿಗಳಿಗೆ ಪರಿಚಯ ಇರುವವರು. ಬಾಡಿಗೆ ಮನೆಯವರು, ಹದಿಹರೆಯದವರು, ಗಾಲಿಕುರ್ಚಿ ಬಳಸುವವರು, ಪಾರ್ಕಿನ ಬೆಂಚಿನಲ್ಲೇ ಊಟ ಮುಗಿಸುವ ಕೆಲಸಗಾರರು ಬರುವುದಿಲ್ಲ. ಮನೆಯಲ್ಲಿ ಜಾಗ ಇಲ್ಲದವರಿಗೆ ತಾನೇ ತೆರೆದ ಜಾಗದ ಅಗತ್ಯ ಜಾಸ್ತಿ? ಅದಕ್ಕೇ ಅರ್ಧದಷ್ಟು ಜನರನ್ನಾದರೂ ಚೀಟಿ ಎತ್ತಿ ಆರಿಸಬೇಕು ಅನ್ನುವುದು ನನ್ನ ಹಟ. ಹಲವು ದೇಶಗಳ ನಾಗರಿಕ ಸಭೆಗಳಲ್ಲಿ ಹೀಗೆ ಮಾಡುತ್ತಾರೆ. ಮೊದಲು ತುಂಬ ಮನೆಗಳಿಗೆ ಆಹ್ವಾನ ಹೋಗುತ್ತದೆ. ಬರುತ್ತೇವೆ ಅಂದವರಲ್ಲಿ ವಯಸ್ಸು, ಹೆಣ್ಣು-ಗಂಡು, ಬಡಾವಣೆ ಸರಿಹೊಂದುವಂತೆ ಚೀಟಿ ಎತ್ತುತ್ತಾರೆ.

ಅವಧಿ ಮೂರು ವರ್ಷ ಇರಲಿ. ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾಗಲಿ. ಎಲ್ಲರೂ ಒಟ್ಟಿಗೆ ಹೋದರೆ ಹಳೆಯ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ. ಚರ್ಚೆಯಲ್ಲಿರುವ ಜಾಗದ ಪಕ್ಕ ಸದಸ್ಯರ ಆಸ್ತಿ ಇದ್ದರೆ ಮೊದಲೇ ಹೇಳಿ, ಆ ವಿಷಯಕ್ಕೆ ಮತ ಹಾಕದೆ ಹೊರಗಿರಬೇಕು.

ಹೆಜ್ಜೆ 3: ಸಭೆ

ಸಂಜೆ ಹೊತ್ತು, ಎರಡು ಗಂಟೆ ಮೀರದೆ, ಮಕ್ಕಳನ್ನು ಕರೆತರಬಹುದಾದ ಕಡೆ. ಕಾರ್ಯಸೂಚಿ ಒಂದು ವಾರ ಮೊದಲು, ನಡಾವಳಿ ಒಂದು ವಾರದೊಳಗೆ. ಇಷ್ಟೇ.

ಹೆಜ್ಜೆ 4: ನಡೆದು ನೋಡಿ, ಎಣಿಸಿ

ಕೂತಲ್ಲೇ ನಕ್ಷೆ ನೋಡಿ ಮಾತಾಡುವ ಸಮಿತಿ ತಪ್ಪು ಮಾಡಿಯೇ ಮಾಡುತ್ತದೆ. ನಕ್ಷೆಯಲ್ಲಿ ಪಾರ್ಕಿನ ಸುತ್ತ ಒಂದು ವೃತ್ತ ಎಳೆದು, ಅದರೊಳಗಿನ ಮನೆಗಳಿಗೆಲ್ಲ ಪಾರ್ಕು ಹತ್ತಿರ ಇದೆ ಅಂತ ಲೆಕ್ಕ ಹಾಕುತ್ತಾರೆ. ನಡುವೆ ದಾಟಲಾಗದ ಹೆದ್ದಾರಿ ಇರುತ್ತದೆ. ರೈಲು ಹಳಿ ಇರುತ್ತದೆ. ಉದ್ದಕ್ಕೂ ಕಾಂಪೌಂಡ್ ಗೋಡೆ ಇದ್ದು ಗೇಟು ಆ ಕಡೆಗೆ ಮಾತ್ರ ಇರುತ್ತದೆ. ಗೋಡೆಗೆ ಅಂಟಿದ ಮನೆಯವರೂ ಸುತ್ತಿ ಬಳಸಿ ಹೋಗಬೇಕು. ಆದ್ದರಿಂದ ದೂರವನ್ನು ಯಾವಾಗಲೂ ಗೇಟಿನಿಂದ, ನಡೆಯುವ ದಾರಿಯಲ್ಲೇ ಅಳೆಯಿರಿ. ಎಷ್ಟೋ ಕಡೆ ಹೊಸ ಪಾರ್ಕಿಗಿಂತ ಇರುವ ಪಾರ್ಕಿಗೆ ಇನ್ನೊಂದು ಗೇಟು ಹೆಚ್ಚು ಜನರಿಗೆ ಅನುಕೂಲ ಮಾಡುತ್ತದೆ.

ಅಳತೆಗೋಲು ಬೇಕಿದ್ದರೆ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆನ್‌ಡೈಕ್ 2021ರಲ್ಲಿ ಮುಂದಿಟ್ಟ 3-30-300 ಸೂತ್ರ ಸರಳವಾಗಿದೆ. ಮನೆಯಿಂದ 3 ಮರ ಕಾಣಬೇಕು. ಬಡಾವಣೆಯ ಶೇ 30ರಷ್ಟು ಜಾಗಕ್ಕೆ ಮರದ ನೆರಳು ಇರಬೇಕು. 300 ಮೀಟರಿನೊಳಗೆ ಪಾರ್ಕು ಸಿಗಬೇಕು. ಎಲ್ಲ ಕಡೆ ಇದು ಆಗದು, ಆದರೆ ಯಾವ ಬಡಾವಣೆ ತೀರಾ ಹಿಂದಿದೆ ಅನ್ನುವುದು ಇದರಿಂದ ಬೇಗ ಗೊತ್ತಾಗುತ್ತದೆ.

ಮೊಬೈಲಿನ ನಕ್ಷೆಗಳಲ್ಲಿ ಹಸಿರು ಬಣ್ಣ ಕಂಡದ್ದೆಲ್ಲ ಜನರ ಜಾಗ ಅಂದುಕೊಳ್ಳಬೇಡಿ. ಗಾಲ್ಫ್ ಮೈದಾನವೂ ಹಸಿರು, ಬೀಗ ಹಾಕಿದ ಕ್ಯಾಂಪಸ್ಸೂ ಹಸಿರು. ನಾನಾದರೆ ದೊಡ್ಡ ಕಾಗದದ ನಕ್ಷೆಯನ್ನೇ ಬಳಸುತ್ತೇನೆ. ಮೇಜಿನ ಮೇಲೆ ಹರಡಿದರೆ ವಯಸ್ಸಾದವರೂ ಪೆನ್ನು ಹಿಡಿದು ಗುರುತು ಹಾಕುತ್ತಾರೆ.

ಆಮೇಲೆ ಜನರನ್ನು ಎಣಿಸಿ. ಕೆಲಸದ ದಿನ ಒಂದು, ರಜಾ ದಿನ ಒಂದು; ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದೀಪ ಹತ್ತಿದ ಮೇಲೆ. ಎಷ್ಟು ಜನ ಅಂತ ಮಾತ್ರ ಅಲ್ಲ, ಯಾರು ಮತ್ತು ಏನು ಮಾಡುತ್ತಿದ್ದಾರೆ ಅಂತಲೂ ಬರೆದುಕೊಳ್ಳಿ. 1970ರ ದಶಕದಲ್ಲಿ ನಗರದ ಬದುಕನ್ನು ಅಧ್ಯಯನ ಮಾಡುತ್ತಿದ್ದ ವಿಲಿಯಂ ವೈಟ್ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದರು. ಕೂರಲು ಜಾಗ ಇರುವ ಕಡೆಯೇ ಜನ ಕೂರುತ್ತಾರೆ ಅನ್ನುವುದು ಅವರಿಗೆ ಸಿಕ್ಕ ದೊಡ್ಡ ಉತ್ತರ. ಕೇಳಲು ತೀರಾ ಸರಳ, ಅಲ್ವಾ? ಆದರೂ 1975ರಲ್ಲಿ ಆ ನಗರ ಚೌಕಗಳ ನಿಯಮವನ್ನು ಬದಲಾಯಿಸಿದ್ದು ಈ ಎಣಿಕೆಯಿಂದಲೇ. ಚೆನ್ನಾಗಿ ಬಳಕೆಯಾಗುವ ಚೌಕಗಳಲ್ಲಿ ಹೆಂಗಸರ ಪಾಲು ಹೆಚ್ಚು ಅನ್ನುವುದನ್ನೂ ಅವರು ಗಮನಿಸಿದರು. ನೀವೂ ಹೆಂಗಸರನ್ನು ಬೇರೆಯಾಗಿ ಎಣಿಸಿ. ಸಂಜೆ ಆರರ ನಂತರ ಆ ಸಂಖ್ಯೆ ಕುಸಿದರೆ, ದೀಪ, ದಾರಿ, ಅಡ್ಡ ಬೆಳೆದ ಪೊದೆ, ಗೇಟು ಈ ನಾಲ್ಕನ್ನು ನೋಡಿ.

ಆನ್‌ಲೈನ್ ಸಮೀಕ್ಷೆಯ ಲಿಂಕು ಕಳಿಸಿ ಈ ಹೆಜ್ಜೆಯನ್ನು ಮುಗಿಸಬೇಡಿ. ಲಿಂಕು ಸಿಕ್ಕವರು ಮಾತ್ರ ಉತ್ತರಿಸುತ್ತಾರೆ. ಗೋಡೆಗೆ ಚಿತ್ರ ಹಾಕಿ ಬಣ್ಣದ ಚುಕ್ಕಿ ಅಂಟಿಸುವ ಆಟವೂ ಬೇಡ. ಮೊದಲು ಬಂದವರ ಚುಕ್ಕಿ ನೋಡಿ ಉಳಿದವರೂ ಅಲ್ಲೇ ಅಂಟಿಸುತ್ತಾರೆ.

ಹೆಜ್ಜೆ 5: ಶಿಫಾರಸು ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ನಡೆದು ನೋಡಿ, ಎಣಿಸಿ, ಗಂಟೆಗಟ್ಟಲೆ ಚರ್ಚಿಸಿ, ಕೊನೆಗೆ ಬರೆಯುವುದು ಹೀಗೆ: "ಪಾರ್ಕಿನಲ್ಲಿ ಸಾಕಷ್ಟು ಆಸನ ಮತ್ತು ನೆರಳಿನ ವ್ಯವಸ್ಥೆ ಮಾಡಬೇಕು." ಇದನ್ನು ಯಾರೂ ವಿರೋಧಿಸುವುದಿಲ್ಲ, ಯಾರೂ ಮಾಡುವುದೂ ಇಲ್ಲ. ಮಾಡಿದರೋ ಇಲ್ಲವೋ ಅಂತ ಕೇಳಲೂ ಆಗುವುದಿಲ್ಲ. ಒಂದು ಬೆಂಚು ಹಾಕಿ "ಪಾಲಿಸಲಾಗಿದೆ" ಅಂತ ಬರೆದರೆ ನೀವು ಏನು ಹೇಳುತ್ತೀರಿ?

ಅದೇ ಮಾತನ್ನು ಹೀಗೆ ಬರೆಯಿರಿ: "ಆಟದ ಜಾಗದಲ್ಲಿ ಮಧ್ಯಾಹ್ನದ ನಂತರ ನೆರಳಿಲ್ಲ. ನಾವು ಎಣಿಸಿದ ಎರಡೂ ದಿನ ಆ ಹೊತ್ತಿಗೆ ಅಲ್ಲಿ ಮಕ್ಕಳೇ ಇರಲಿಲ್ಲ. ಅದರ ಪಶ್ಚಿಮ ಅಂಚಿನಲ್ಲಿ ದೊಡ್ಡದಾಗಿ ಹರಡುವ ಆರು ಮರ ಬೇಕು. ಅವುಗಳ ಕೆಳಗೆ, ಆಡುವ ಮಕ್ಕಳು ಕಾಣುವಂತೆ, ಬೆನ್ನು ಮತ್ತು ತೋಳು ಆನಿಸುವ ನಾಲ್ಕು ಬೆಂಚು ಬೇಕು. ಮುಂದಿನ ವರ್ಷದ ಬಜೆಟ್ಟಿಗೆ ಸೇರಿಸಬೇಕು. ಗಿಡಗಳಿಗೆ ಮೊದಲ ಮೂರು ವರ್ಷ ನೀರು ಹಾಕುವ ಖರ್ಚನ್ನೂ ಅದರಲ್ಲೇ ತೋರಿಸಬೇಕು. ಹಣ ಸಾಲದಿದ್ದರೆ ಉತ್ತರದ ಗೇಟಿನ ಕಾರಂಜಿಯನ್ನು ಕೈಬಿಡಬಹುದು."

ಇದರಲ್ಲಿ ಐದು ಸಂಗತಿ ಇವೆ. ಎಲ್ಲಿ. ಏನು. ಯಾಕೆ, ಅದೂ ನೀವೇ ಎಣಿಸಿದ ಪುರಾವೆಯ ಜೊತೆ. ಯಾವಾಗ, ಯಾವ ಹಣದಲ್ಲಿ. ಬದಲಿಗೆ ಯಾವುದನ್ನು ಬಿಡಬಹುದು. ಐದನೆಯದನ್ನು ಬರೆಯಲು ಸಮಿತಿಗಳು ಹಿಂಜರಿಯುತ್ತವೆ, ಯಾಕೆಂದರೆ ಕಾರಂಜಿ ಬೇಕು ಅನ್ನುವವರೂ ಒಳಗೇ ಇರುತ್ತಾರೆ. ಆ ಜಗಳವನ್ನು ನೀವು ಆಡಿ ಮುಗಿಸದಿದ್ದರೆ, ಯಾವುದು ಇರಬೇಕು ಯಾವುದು ಹೋಗಬೇಕು ಅಂತ ಬಜೆಟ್ ಬರೆಯುವವರು ಒಬ್ಬರೇ ಕೂತು ತೀರ್ಮಾನ ಮಾಡುತ್ತಾರೆ. ಸಾಮಾನ್ಯವಾಗಿ ಮೊದಲು ಹೋಗುವುದು ಮರ.

ನಿರ್ವಹಣೆಯ ಮಾತು ಇಲ್ಲದ ಶಿಫಾರಸನ್ನು ಹೊರಗೆ ಬಿಡಬೇಡಿ. ಕಟ್ಟುವ ಹಣ ಒಂದು ಲೆಕ್ಕದಲ್ಲಿ, ನೋಡಿಕೊಳ್ಳುವ ಹಣ ಇನ್ನೊಂದು ಲೆಕ್ಕದಲ್ಲಿ ಇರುವುದೇ ಹೆಚ್ಚು. ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಕಾರಂಜಿ ಒಣಗುವುದು, ಶೌಚಾಲಯಕ್ಕೆ ಬೀಗ ಬೀಳುವುದು ಇದರಿಂದಲೇ.

ಇಬ್ಬರ ಬೇಡಿಕೆ ಎದುರುಬದುರಾದಾಗ ಅರ್ಧ ಅವರಿಗೆ, ಅರ್ಧ ಇವರಿಗೆ ಅಂತ ಜಾಗ ಸೀಳಬೇಡಿ. ಚೆಂಡಾಟಕ್ಕೂ ಸಾಲದ, ನಡಿಗೆಗೂ ಸಾಲದ ಎರಡು ತುಂಡು ಉಳಿಯುತ್ತವೆ. ಮೊದಲು ಹೊತ್ತು ಹಂಚಲು ನೋಡಿ. ಮೈದಾನ ಬೆಳಿಗ್ಗೆ ನಡೆಯುವವರಿಗೆ, ಮಧ್ಯಾಹ್ನದಿಂದ ಆಡುವವರಿಗೆ. ಆಗದಿದ್ದಾಗ ಮಾತ್ರ ಜಾಗ ಹಂಚಿ. ಕೆಲವು ಜಗಳಗಳಲ್ಲಿ ಮಾತ್ರ ಒಂದು ಪಕ್ಷ ಹಿಡಿಯಲೇಬೇಕು. ಕೆರೆ ದಂಡೆಗೆ ಪ್ರಖರ ದೀಪ ಬೇಕು ಅಂದರೆ ನಾನು ಬೇಡ ಅನ್ನುತ್ತೇನೆ. ರಾತ್ರಿ ಬದುಕುವ ಜೀವಿಗಳಿಗೆ ಅದು ತೊಂದರೆ. ನಡೆಯುವ ದಾರಿಗೆ ಮಾತ್ರ, ಬೆಳಕು ಕೆಳಕ್ಕೆ ಬೀಳುವಂತೆ ಮುಚ್ಚಿದ ಗಿಡ್ಡ ದೀಪ ಸಾಕು.

ಸಲಹೆಗಾರ ಕಂಪನಿಗಳ ಹೊಳೆಯುವ ಕಂಪ್ಯೂಟರ್ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಅದರಲ್ಲಿರುವ ಮರಗಳಿಗೆ ಇಪ್ಪತ್ತು ವರ್ಷ ವಯಸ್ಸು. ಮೊದಲ ವರ್ಷ ಆ ಜಾಗ ಹೇಗಿರುತ್ತದೆ ಅನ್ನುವ ಚಿತ್ರ ಕೇಳಿ. ಕ್ಯಾಟಲಾಗಿನಿಂದ ಇಡಿಯಾಗಿ ಬರುವ ಪ್ಲಾಸ್ಟಿಕ್ ಆಟದ ಸೆಟ್ಟುಗಳೂ ನನಗೆ ಒಪ್ಪಿಗೆ ಇಲ್ಲ. ಬಿಸಿಲಲ್ಲಿ ಜಾರುಬಂಡೆಯೂ ಕೆಳಗಿನ ರಬ್ಬರ್ ಹಾಸೂ ಮುಟ್ಟಲಾಗದಷ್ಟು ಕಾಯುತ್ತವೆ. ಮರಳು, ಮರದ ದಿಮ್ಮಿ, ಸಣ್ಣ ದಿಬ್ಬ, ಮೇಲೆ ನೆರಳು ಇದ್ದರೆ ಮಕ್ಕಳು ಹೆಚ್ಚು ಹೊತ್ತು ಆಡುತ್ತಾರೆ.

ಒಟ್ಟು ಹತ್ತು ಶಿಫಾರಸು ಮೀರಬೇಡಿ. ಮೊದಲ ಮೂರು ಯಾವುವು ಅಂತ ಹೇಳಿ. ಐವತ್ತು ಬೇಡಿಕೆ ಕೊಟ್ಟರೆ ಅಧಿಕಾರಿಗಳು ಸುಲಭದ ಇಪ್ಪತ್ತು ಆರಿಸಿಕೊಳ್ಳುತ್ತಾರೆ. ಒಮ್ಮತ ಬರದಿದ್ದರೆ ಸುಮ್ನೆ ಸರ್ವಾನುಮತ ಅಂತ ಬರೆಯಬೇಡಿ. ಎಷ್ಟು ಮತ ಪರ, ಎಷ್ಟು ವಿರೋಧ, ವಿರೋಧಿಸಿದವರ ಕಾರಣ ಏನು, ಎಲ್ಲ ಇರಲಿ. ಭಿನ್ನಮತ ತೋರಿಸಿದ ವರದಿಯನ್ನು ಓದುವವರು ಹೆಚ್ಚು ನಂಬುತ್ತಾರೆ.

ಹೆಜ್ಜೆ 6: ಬೆನ್ನು ಹತ್ತುವುದು

ವರದಿಯನ್ನು ಬಜೆಟ್ ಮುಗಿದ ಮೇಲೆ ಕೊಟ್ಟರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಇಲಾಖೆಗಳು ತಮ್ಮ ಬೇಡಿಕೆ ಕಳಿಸುವ ತಿಂಗಳು ಯಾವುದು ಅಂತ ಮೊದಲ ಸಭೆಯಲ್ಲೇ ಕೇಳಿ, ಅದಕ್ಕೆ ಎರಡು ತಿಂಗಳು ಮುಂಚೆ ಕೊಡಿ.

ಆಮೇಲೆ ಒಂದು ರಿಜಿಸ್ಟರ್ ಇಡಿ. ಶಿಫಾರಸಿನ ಸಂಖ್ಯೆ, ಕೊಟ್ಟ ದಿನ, ಬಂದ ಉತ್ತರ, ಈಗ ಎಲ್ಲಿಗೆ ಬಂತು, ಇಷ್ಟೇ ಕಾಲಂ ಸಾಕು. ಪ್ರತಿ ಸಭೆಯ ಮೊದಲ ಹತ್ತು ನಿಮಿಷ ಅದನ್ನು ಗಟ್ಟಿಯಾಗಿ ಓದಿ. ಸಂಬಂಧಪಟ್ಟ ಅಧಿಕಾರಿ ಎದುರಿಗೇ ಕೂತಿರಲಿ. ಬೇಡ ಅನ್ನುವ ಉತ್ತರ ಬಂದರೆ ಕಾರಣ ಓದಿ. ಕಾರಣ ಸರಿ ಇದ್ದರೆ ಒಪ್ಪಿಕೊಂಡು ಮುಂದೆ ಹೋಗಿ. ಇಲ್ಲದಿದ್ದರೆ ಹೊಸ ಪುರಾವೆ ಸೇರಿಸಿ ಇನ್ನೊಮ್ಮೆ ಕಳಿಸಿ. ಕಾಮಗಾರಿ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತುಗಳಲ್ಲಿ ಮತ್ತೆ ಜನರನ್ನು ಎಣಿಸಿ ಪಕ್ಕದ ಕಾಲಂನಲ್ಲಿ ಬರೆಯಿರಿ. ಅವಧಿ ಮುಗಿದು ಹೊರಡುವ ಸದಸ್ಯರು ಈ ರಿಜಿಸ್ಟರನ್ನು ಮನೆಗೆ ಒಯ್ಯದೆ, ಹೊಸಬರ ಮೊದಲ ಸಭೆಗೆ ಬಂದು ಕೂತು, ಬಾಕಿ ಉಳಿದ ಪ್ರತಿ ಸಾಲನ್ನೂ ವಿವರಿಸಿ ಕೊಡಬೇಕು.