ಬ್ಯಾಸಿಲಸ್‌ನಿಂದ ಅಮೈಲೇಸ್: ಬೆಳೆಸುವುದು, ಬೇರ್ಪಡಿಸುವುದು, ಶುದ್ಧ ಮಾಡುವುದು

ಪದವಿ ಅಥವಾ ಎಂಎಸ್ಸಿ ಪ್ರಾಜೆಕ್ಟ್‌ಗೆ ಬ್ಯಾಕ್ಟೀರಿಯದ ಕಿಣ್ವ ಬೇಕೆಂದರೆ ಬ್ಯಾಸಿಲಸ್ ಸಬ್ಟಿಲಿಸ್‌ನ ಆಲ್ಫಾ ಅಮೈಲೇಸ್ (ಪಿಷ್ಟವನ್ನು ಒಡೆಯುವ ಕಿಣ್ವ) ಒಳ್ಳೆಯ ಆಯ್ಕೆ. ಈ ಬ್ಯಾಕ್ಟೀರಿಯ ಕಿಣ್ವವನ್ನು ತಾನಾಗಿಯೇ ಮಾಧ್ಯಮಕ್ಕೆ ಬಿಡುತ್ತದೆ. ಹೀಗಾಗಿ ಕೋಶ ಒಡೆಯಲು ಸೋನಿಕೇಟರ್ (ಶಬ್ದತರಂಗದ ಯಂತ್ರ) ಬೇಡ, ಡಿಎನ್‌ಎ ಲೋಳೆಯ ಕಾಟವೂ ಇಲ್ಲ. ಒಂದು ನಿಯಮವನ್ನು ಮಾತ್ರ ಮೊದಲ ದಿನದಿಂದಲೇ ಪಾಲಿಸಿ: ಪ್ರತಿ ಹಂತದಲ್ಲೂ ಒಟ್ಟು ಗಾತ್ರವನ್ನು ಬರೆದುಕೊಂಡು, 1 ಮಿಲಿ ಮಾದರಿಯನ್ನು ಐಸ್ ಮೇಲೆ ತೆಗೆದಿಡಿ. ಆ ಮಾದರಿಗಳಿಲ್ಲದಿದ್ದರೆ ಕಿಣ್ವ ಶುದ್ಧವಾಯಿತು ಎಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಕಲ್ಚರನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹ ಕೇಂದ್ರ ಎಂಟಿಸಿಸಿಯಿಂದ ತರಿಸಬಹುದು. ಮಣ್ಣಿನಿಂದಲೇ ತೆಗೆಯುವುದಾದರೆ 1 ಗ್ರಾಂ ಮಣ್ಣನ್ನು 10 ಮಿಲಿ ಸ್ಟೆರೈಲ್ ನೀರಿನಲ್ಲಿ ಕದಡಿ, 80 ಡಿಗ್ರಿಯಲ್ಲಿ 10 ನಿಮಿಷ ಇಡಿ. ಸ್ಪೋರ್‌ಗಳಷ್ಟೇ ಬದುಕುತ್ತವೆ. ಡೈಲ್ಯೂಟ್ ಮಾಡಿ 1% ಪಿಷ್ಟ ಸೇರಿಸಿದ ಅಗರ್ ಪ್ಲೇಟಿನಲ್ಲಿ ಹರಡಿ, 37 ಡಿಗ್ರಿಯಲ್ಲಿ ಒಂದು ದಿನ ಬೆಳೆಸಿ. ಅಯೋಡಿನ್ ಸುರಿದಾಗ ಸುತ್ತ ತಿಳಿ ವಲಯ ಕಾಣುವ ಕಾಲೊನಿ ನಿಮಗೆ ಬೇಕಾದದ್ದು. ಅಯೋಡಿನ್ ಕಾಲೊನಿಯನ್ನು ಕೊಲ್ಲುವುದರಿಂದ ಸುರಿಯುವ ಮೊದಲೇ ಇನ್ನೊಂದು ಪ್ಲೇಟಿಗೆ ನಕಲು ತೆಗೆದಿರಬೇಕು. ಮಣ್ಣಿನ ಬ್ಯಾಸಿಲಸ್ ಸೀರಿಯಸ್ ಕೂಡ ಪಿಷ್ಟ ಕರಗಿಸುತ್ತದೆ, ಅದು ಆಹಾರ ವಿಷವಾಗಿಸುವ ಜೀವಿ. ಗುರುತು ಖಚಿತವಾಗುವವರೆಗೆ ಕೈಗವಸು ಬಿಡಬೇಡಿ. ಬಳಸಿದ್ದನ್ನೆಲ್ಲ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿಯೇ ಎಸೆಯಿರಿ.

ಮಾಧ್ಯಮಕ್ಕೆ ಲೀಟರಿಗೆ ಕರಗುವ ಪಿಷ್ಟ 10 ಗ್ರಾಂ, ಪೆಪ್ಟೋನ್ 5 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 3 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.2 ಗ್ರಾಂ, ಪಿಎಚ್ 7. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆಯಾಗಿ ಆಟೊಕ್ಲೇವ್ ಮಾಡಿ, ತಣಿದ ಮೇಲೆ ಸೇರಿಸಿ. ಒಟ್ಟಿಗೆ ಬಿಸಿ ಮಾಡಿದರೆ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಷ್ಟಾಗುತ್ತದೆ. ಬೆಳವಣಿಗೆ ಚುರುಕಾಗಲಿ ಎಂದು ಗ್ಲೂಕೋಸ್ ಹಾಕುವವರಿದ್ದಾರೆ, ಹಾಕಬೇಡಿ: ಗ್ಲೂಕೋಸ್ ಇರುವಷ್ಟು ಹೊತ್ತು ಅಮೈಲೇಸ್ ಜೀನ್ ಅದುಮಿಟ್ಟಂತಿರುತ್ತದೆ. 500 ಮಿಲಿ ಫ್ಲಾಸ್ಕಿಗೆ 100 ಮಿಲಿಗಿಂತ ಹೆಚ್ಚು ತುಂಬಬೇಡಿ, ಗಾಳಿ ಸಾಲದು. 37 ಡಿಗ್ರಿ, 150 ಆರ್‌ಪಿಎಂ. 12 ಗಂಟೆಗೊಮ್ಮೆ ಕಿಣ್ವವನ್ನು (ವಿಧಾನ ಕೆಳಗಿದೆ) ಅಳೆದು, ಕಿಣ್ವ ಏರುವುದು ನಿಂತಾಗ ಇಳಿಸಿ. ಹೆಚ್ಚಾಗಿ 24 ರಿಂದ 48 ಗಂಟೆಯೊಳಗೆ ಆಗುತ್ತದೆ. ಇನ್ನೂ ಬಿಟ್ಟರೆ ಇದೇ ಬ್ಯಾಕ್ಟೀರಿಯ ಸ್ರವಿಸುವ ಪ್ರೋಟಿಯೇಸ್ ಅಮೈಲೇಸನ್ನೇ ತಿನ್ನತೊಡಗುತ್ತದೆ.

ಇಳಿಸಿದ ಮೇಲೆ ಎಲ್ಲವೂ 4 ಡಿಗ್ರಿಯಲ್ಲಿ. 10,000 ಜಿಯಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ತೆಗೆದುಕೊಳ್ಳಿ. ಜಿ ಮತ್ತು ಆರ್‌ಪಿಎಂ ಒಂದೇ ಅಲ್ಲ: 8 ಸೆಂಮೀ ತ್ರಿಜ್ಯದ ರೋಟರಿನಲ್ಲಿ 10,000 ಆರ್‌ಪಿಎಂ ಎಂದರೆ ಸುಮಾರು 8,900 ಜಿ. ಪ್ರೋಟಿಯೇಸ್ ತಡೆಯಲು 1 ಮಿಲಿಮೋಲಾರ್ ಪಿಎಂಎಸ್‌ಎಫ್ ಹಾಕಬಹುದು, ಅದು ವಿಷಕಾರಿ, ಎಚ್ಚರ. ಇಡಿಟಿಎ ಬೇಡವೇ ಬೇಡ. ಅಮೈಲೇಸ್ ನಿಂತಿರುವುದೇ ಕ್ಯಾಲ್ಸಿಯಂ ಮೇಲೆ, ಇಡಿಟಿಎ ಅದನ್ನು ಕಿತ್ತುಕೊಳ್ಳುತ್ತದೆ.

ಮುಂದಿನದು ಅಮೋನಿಯಂ ಸಲ್ಫೇಟ್, ಪ್ರೋಟೀನನ್ನು ದ್ರಾವಣದಿಂದ ಕೆಳಗಿಳಿಸುವ ಉಪ್ಪು. ಯಾವ ಶೇಕಡಾವಾರಿನಲ್ಲಿ (ಕರಗಬಲ್ಲ ಗರಿಷ್ಠ ಉಪ್ಪಿನ ಎಷ್ಟು ಪಾಲಿನಲ್ಲಿ) ನಿಮ್ಮ ಕಿಣ್ವ ಕೆಳಗಿಳಿಯುತ್ತದೆ ಎಂಬುದನ್ನು ತಳಿಯೇ ನಿರ್ಧರಿಸುತ್ತದೆ. 10 ಮಿಲಿ ಟ್ಯೂಬುಗಳಲ್ಲಿ 30, 40, 50, 60, 70, 80% ಪ್ರಯತ್ನಿಸಿ ಕಂಡುಕೊಳ್ಳಿ. ಸಾಮಾನ್ಯವಾಗಿ 30 ರಿಂದ 70% ಕಟ್ ಆರಂಭಕ್ಕೆ ಸರಿ. 0 ಡಿಗ್ರಿ ಕೋಷ್ಟಕದಂತೆ 100 ಮಿಲಿಗೆ 16.4 ಗ್ರಾಂ ಹಾಕಿದರೆ 30% ಆಗುತ್ತದೆ. ಗಷ್ಟನ್ನು ತೆಗೆದು, ತಿಳಿಯ ಗಾತ್ರವನ್ನು ಮತ್ತೆ ಅಳೆದು, ಪ್ರತಿ 100 ಮಿಲಿಗೆ 24.9 ಗ್ರಾಂ ಸೇರಿಸಿದರೆ 70%. 25 ಡಿಗ್ರಿ ಕೋಷ್ಟಕದ ಅಂಕಿಗಳು ಬೇರೆ, ಎರಡನ್ನೂ ಬೆರೆಸಬೇಡಿ. ಉಪ್ಪನ್ನು ನುಣ್ಣಗೆ ಅರೆದು, 30 ನಿಮಿಷದುದ್ದಕ್ಕೂ ಚಿಟಿಕೆ ಚಿಟಿಕೆಯಾಗಿ, ಮೆಲ್ಲಗೆ ಕಲಕುತ್ತ ಹಾಕಿ. ಒಮ್ಮೆಲೇ ಸುರಿದರೆ ಬಿದ್ದ ಜಾಗದಲ್ಲಿ ಸಾಂದ್ರತೆ ಏರಿ ಬೇಡದ ಪ್ರೋಟೀನ್‌ಗಳೂ ಇಳಿಯುತ್ತವೆ; ನೊರೆ ಬಂದರೆ ಕಿಣ್ವ ಕೆಡುತ್ತದೆ. ಈ ಉಪ್ಪು ಪಿಎಚ್ ಇಳಿಸುವುದರಿಂದ ತಿಳಿಗೆ ಮೊದಲೇ 50 ಮಿಲಿಮೋಲಾರ್ ಆಗುವಷ್ಟು ಟ್ರಿಸ್ ಬಫರ್ ಸೇರಿಸಿಡಿ. ರಾತ್ರಿಯಿಡೀ ಬಿಟ್ಟು, 30 ನಿಮಿಷ ತಿರುಗಿಸಿ. 70% ದ್ರಾವಣ ಭಾರವಾದ್ದರಿಂದ ಪೆಲೆಟ್ ಕೂರುವುದು ನಿಧಾನ. ಅದನ್ನು 5 ಮಿಲಿ ಬಫರಿನಲ್ಲಿ ಕರಗಿಸಿ.

ಉಪ್ಪನ್ನು ಹೊರಹಾಕುವ ಡಯಾಲಿಸಿಸ್ ಟ್ಯೂಬ್ 12–14 ಕಿಲೋಡಾಲ್ಟನ್‌ನದಿರಲಿ; ಅದಕ್ಕಿಂತ ದೊಡ್ಡ ಅಣುಗಳು ಒಳಗೇ ಉಳಿಯುತ್ತವೆ. ಒಣ ಟ್ಯೂಬನ್ನು 2% ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ 10 ನಿಮಿಷ ಕುದಿಸಿ ಚೆನ್ನಾಗಿ ತೊಳೆಯಿರಿ. ಮೂರನೇ ಒಂದು ಭಾಗ ಖಾಲಿ ಬಿಟ್ಟು ಕಟ್ಟಿ. ಒಳಗಿನ ಉಪ್ಪು ಹೊರಗಿನ ನೀರನ್ನು ಎಳೆದುಕೊಂಡು ತುಂಬಿದ ಚೀಲವನ್ನು ಒಡೆಯುತ್ತದೆ. ಹೊರಗಿನ ಬಫರ್: 20 ಮಿಲಿಮೋಲಾರ್ ಟ್ರಿಸ್, ಪಿಎಚ್ 8, ಜೊತೆಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ನೂರು ಪಟ್ಟು ಬಫರ್, ಮೂರು ಬಾರಿ ಬದಲಾವಣೆ. ಕ್ಯಾಲ್ಸಿಯಂ ಮರೆತರೆ ಬೆಳಿಗ್ಗೆ ಚೀಲದಲ್ಲಿ ಪ್ರೋಟೀನ್ ಇದ್ದರೂ ಕಿಣ್ವದ ಕೆಲಸ ಕುಸಿದಿರಬಹುದು. ಕೊನೆಯ ಬಫರಿನ ಒಂದು ಹನಿಗೆ ಬೇರಿಯಂ ಕ್ಲೋರೈಡ್ ಹಾಕಿ, ಬಿಳುಪಾದರೆ ಸಲ್ಫೇಟ್ ಇನ್ನೂ ಇದೆ.

ಸಲ್ಫೇಟ್ ಉಳಿದಿದ್ದರೆ ಮುಂದಿನ ಹಂತದ ಡಿಇಎಇ-ಸೆಲ್ಯುಲೋಸ್ ಕಾಲಂ (ಋಣ ಆವೇಶದ ಪ್ರೋಟೀನ್‌ಗಳನ್ನು ಹಿಡಿಯುವಂಥದ್ದು) ಕಿಣ್ವವನ್ನು ಹಿಡಿಯುವುದಿಲ್ಲ, ಎಲ್ಲ ನೇರ ಹರಿದುಹೋಗುತ್ತದೆ. 10 ಮಿಲಿ ಕಾಲಂ ಅನ್ನು ಅದೇ ಬಫರಿನಲ್ಲಿ ಹದಮಾಡಿ, ನಿಮಿಷಕ್ಕೆ ಅರ್ಧ ಮಿಲಿ ವೇಗದಲ್ಲಿ ಹಾಯಿಸಿ. ತೊಳೆದು, 0.1, 0.2, 0.3, 0.5 ಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ ಹಂತಹಂತವಾಗಿ ಇಳಿಸಿ, 2 ಮಿಲಿ ಭಾಗಗಳನ್ನು ಹಿಡಿಯಿರಿ. ಮೊದಲು ಹರಿದುಹೋದದ್ದನ್ನೂ ಇಟ್ಟುಕೊಳ್ಳಿ. ಯಾವ ಭಾಗದಲ್ಲಿ ಕಿಣ್ವವಿದೆ ಎಂದು ತಿಳಿಯಲು ಪಿಷ್ಟದ ಅಗರ್‌ನಲ್ಲಿ ಗುಳಿ ಕೊರೆದು 20 ಮೈಕ್ರೊಲೀಟರ್ ಹಾಕಿ, ಅರ್ಧ ಗಂಟೆಯ ನಂತರ ಅಯೋಡಿನ್ ಸುರಿದರೆ ಸಾಕು.

ಅಳತೆಯಲ್ಲೇ ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವುವುದು. 0.5 ಮಿಲಿ ಕಿಣ್ವ, ಪಿಎಚ್ 6.9ರ ಫಾಸ್ಫೇಟ್ ಬಫರಿನಲ್ಲಿ 1% ಪಿಷ್ಟ 0.5 ಮಿಲಿ, 40 ಡಿಗ್ರಿಯಲ್ಲಿ 10 ನಿಮಿಷ. 1 ಮಿಲಿ ಡಿಎನ್‌ಎಸ್ (ಬಿಡುಗಡೆಯಾದ ಸಕ್ಕರೆಯೊಂದಿಗೆ ಬಣ್ಣ ಕೊಡುವ ದ್ರಾವಣ) ಹಾಕಿ 5 ನಿಮಿಷ ಕುದಿಸಿ, ತಣಿಸಿ, 8 ಮಿಲಿ ನೀರು ಸೇರಿಸಿ 540 ನ್ಯಾನೊಮೀಟರಿನಲ್ಲಿ ಓದಿ. ಪ್ರತಿ ಮಾದರಿಗೂ ಡಿಎನ್‌ಎಸ್ ಮೊದಲು, ಕಿಣ್ವ ಆಮೇಲೆ ಹಾಕಿದ ಬ್ಲ್ಯಾಂಕ್ ಬೇಕು. ಕಚ್ಚಾ ದ್ರವದಲ್ಲಿ ಮಾಲ್ಟೋಸ್ ಮೊದಲೇ ಇರುತ್ತದೆ. ಅದನ್ನು ಕಳೆಯದಿದ್ದರೆ ಕಚ್ಚಾದ ಅಂಕಿ ಉಬ್ಬಿ, ಮುಂದಿನ ಹಂತಗಳಲ್ಲಿ ಕಿಣ್ವ ಕಳೆದುಹೋದಂತೆ ಕಾಣುತ್ತದೆ. ಓದು ಮಾಲ್ಟೋಸ್ ಸ್ಟ್ಯಾಂಡರ್ಡ್ ರೇಖೆ ದಾಟಿದರೆ ಬಣ್ಣವನ್ನಲ್ಲ, ಕಿಣ್ವವನ್ನೇ ಡೈಲ್ಯೂಟ್ ಮಾಡಿ ಮತ್ತೆ ಮಾಡಿ. ಪ್ರೋಟೀನ್ ಅಳೆಯಲು ಲೌರಿ ವಿಧಾನಕ್ಕಿಂತ ಬ್ರಾಡ್‌ಫರ್ಡ್ ವಿಧಾನ ಮೇಲು: ಲೌರಿ ಪೆಪ್ಟೋನನ್ನೂ ಪ್ರೋಟೀನ್ ಎಂದೇ ಎಣಿಸುತ್ತದೆ, ಟ್ರಿಸ್ ಮತ್ತು ಅಮೋನಿಯಂ ಅದಕ್ಕೆ ಅಡ್ಡಿ.

ಲೆಕ್ಕ ಹೀಗೆ; ನಿಮಿಷಕ್ಕೆ 1 ಮೈಕ್ರೊಮೋಲ್ ಮಾಲ್ಟೋಸ್ ಬಿಡಿಸುವ ಕಿಣ್ವ 1 ಯೂನಿಟ್. 10 ನಿಮಿಷದಲ್ಲಿ 0.684 ಮಿಲಿಗ್ರಾಂ ಮಾಲ್ಟೋಸ್ ಬಂದರೆ ಅದು 2 ಮೈಕ್ರೊಮೋಲ್, 0.5 ಮಿಲಿ ಕಿಣ್ವಕ್ಕೆ ಮಿಲಿಗೆ 0.4 ಯೂನಿಟ್, 10 ಪಟ್ಟು ಡೈಲ್ಯೂಟ್ ಮಾಡಿದ್ದರೆ 4. ಹೀಗೆ 100 ಮಿಲಿ ಕಚ್ಚಾದಲ್ಲಿ 400 ಯೂನಿಟ್, 50 ಮಿಲಿಗ್ರಾಂ ಪ್ರೋಟೀನ್ ಎಂದುಕೊಳ್ಳಿ; ವಿಶಿಷ್ಟ ಚಟುವಟಿಕೆ (ಮಿಲಿಗ್ರಾಂ ಪ್ರೋಟೀನ್‌ಗೆ ಎಷ್ಟು ಯೂನಿಟ್) 8. ಡಯಾಲಿಸಿಸ್ ನಂತರ 260 ಯೂನಿಟ್, 8 ಮಿಲಿಗ್ರಾಂ ಇದ್ದರೆ 32.5. ಅಂದರೆ ಸುಮಾರು 4 ಪಟ್ಟು ಶುದ್ಧ, 65% ಇಳುವರಿ. ಇಳುವರಿ 100% ದಾಟಿದರೆ ಮೊದಲು ಬ್ಲ್ಯಾಂಕ್ ಮತ್ತು ಡೈಲ್ಯೂಷನ್ ನೋಡಿ. ಎರಡೂ ಸರಿಯಿದ್ದರೆ ಯಾವುದೋ ತಡೆವಸ್ತು ಹೊರಹೋಗಿರಬಹುದು. ಕೊನೆಗೆ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ 10% ಎಸ್‌ಡಿಎಸ್ ಜೆಲ್‌ನಲ್ಲಿ ಎಲ್ಲ ಹಂತಗಳ ಮಾದರಿಗಳನ್ನೂ ಪಕ್ಕಪಕ್ಕ ಓಡಿಸಿ, ಪ್ರತಿ ಲೇನಿಗೂ ಸಮನಾದ ಮೈಕ್ರೊಗ್ರಾಂ ಪ್ರೋಟೀನ್ ಹಾಕಿ. 50 ರಿಂದ 70 ಕಿಲೋಡಾಲ್ಟನ್ ನಡುವಿನ ಒಂದು ಗೆರೆ ದಟ್ಟವಾಗುತ್ತ ಬಂದು ಉಳಿದವು ಮಾಸಬೇಕು.

ಉಳಿದ ಕಿಣ್ವವನ್ನು ಕ್ಯಾಲ್ಸಿಯಂ ಇರುವ ಬಫರಿನಲ್ಲಿ 4 ಡಿಗ್ರಿಯಲ್ಲಿ ಕೆಲವು ದಿನ ಇಡಬಹುದು. ತಿಂಗಳುಗಟ್ಟಲೆ ಬೇಕಿದ್ದರೆ ಸಮಪಾಲು ಗ್ಲಿಸರಾಲ್ ಬೆರೆಸಿ, ಚಿಕ್ಕ ಚಿಕ್ಕ ಟ್ಯೂಬುಗಳಲ್ಲಿ ಮೈನಸ್ 20ರಲ್ಲಿಡಿ.