ಬಿದ್ರಿಗೆ ಆ ಕಪ್ಪು ಬಣ್ಣ ಬರುವುದು ಹೇಗೆ?

ಬಿದ್ರಿ ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರ್‌ನ ಕರಕುಶಲ ಕೆಲಸ. ಬಿದ್ರಿ ಸಾಮಾನು ಕಂಚಿನದು ಅಂತ ಅಂದುಕೊಂಡವರು ಬೀದರ್‌ನಲ್ಲೂ ಸಿಗುತ್ತಾರೆ. ಕಂಚೆಂದರೆ ತಾಮ್ರ ಮತ್ತು ತವರ. ಬಿದ್ರಿಯಲ್ಲಿ ಜಾಸ್ತಿ ಇರುವುದು ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಈ ಒಂದು ಪಾಲನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿ ಬಿಟ್ಟು ಬೀದರ್ ಅನ್ನು ರಾಜಧಾನಿ ಮಾಡಿಕೊಂಡರು. ಇರಾನಿನ ಕುಶಲಕರ್ಮಿಗಳಿಂದ ಈ ಕೆಲಸ ಇಲ್ಲಿಗೆ ಬಂತು ಅನ್ನುವುದು ಊರಿನವರ ಮಾತು.

ಮೊದಲು ಎರಕ. ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು ಮಾಡುತ್ತಾರೆ. ಕರಗಿದ ಲೋಹವನ್ನು ಅದರೊಳಗೆ ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚು ಒಡೆದು, ಅರ ಹಾಕಿ ನುಣುಪು ಮಾಡುತ್ತಾರೆ.

ಆಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಲೋಹ ಕಪ್ಪಾಗುತ್ತದೆ. ಆದರೆ ಇದು ನಿಜವಾದ ಕಪ್ಪಲ್ಲ, ಗೆರೆ ಕಾಣಲಿ ಅಂತ ಅಷ್ಟೇ. ಶಾಲೆಯ ಹಲಗೆ ಇದ್ದ ಹಾಗೆ. ಹೂವು, ಬಳ್ಳಿಗಳನ್ನು ಮೊನೆಯಿಂದ ಸುಮ್ನೆ ಕೈಯಲ್ಲೇ ಬರೆದು, ಪುಟ್ಟ ಉಳಿಯಿಂದ ತೋಡುತ್ತಾರೆ. ಆ ಸಂದಿಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಅಂಟು ಗಿಂಟು ಏನೂ ಇಲ್ಲ. ತಂತಿಯ ಈ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ.

ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿಬಿಡುತ್ತದೆ. ಆಗ ನೋಡಿದರೆ ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗುವುದಿಲ್ಲ. ಇಷ್ಟೆಲ್ಲ ದುಡಿದಿದ್ದು ದಂಡವಾಯಿತಾ ಅನ್ನಿಸಬೇಕು!

ಈಗ ಕೋಟೆ ಮಣ್ಣಿನ ಸರದಿ. ಬೀದರ್ ಕೋಟೆಯಲ್ಲಿ ಮಳೆ, ಬಿಸಿಲು ತಾಗದ ಹಳೆಯ ಮೂಲೆಗಳ ಮಣ್ಣೇ ಆಗಬೇಕು. ಅನುಭವಸ್ಥರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಇದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಮತ್ತು ನೀರು ಸೇರಿಸಿ, ಬೆಚ್ಚಗೆ ಮಾಡಿದ ಲೋಹಕ್ಕೆ ತಿಕ್ಕುತ್ತಾರೆ. ನೋಡುತ್ತಿದ್ದಂತೆ ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬರೀ ಸತುವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಆ ಒಂದು ಪಾಲು ತಾಮ್ರ ಇದ್ದುದಕ್ಕೇ ಈ ಕಪ್ಪು. ತೊಳೆದು, ಒರೆಸಿ, ಎಣ್ಣೆ ಸವರಿದರೆ ಕೆಲಸ ಮುಗಿಯಿತು.

2006ರಲ್ಲಿ ಬಿದ್ರಿಗೆ ಜಿಐ, ಅಂದರೆ ಇಂಥ ಊರಿನದೇ ವಸ್ತು ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರ್‌ನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಮನೆಯಲ್ಲಿ ಬಿದ್ರಿ ಇದ್ದರೆ ಮೆತ್ತಗಿನ ಬಟ್ಟೆಗೆ ಚೂರು ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಸಾಕು. ನಮ್ಮವ್ವ ಒಮ್ಮೆ ಹಬ್ಬಕ್ಕೆ ಹಿತ್ತಾಳೆ ತಂಬಿಗೆಗಳ ಜೊತೆ ಬಿದ್ರಿ ಡಬ್ಬಿಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಮುಚ್ಚಳದ ಅಂಚು ಇವತ್ತಿಗೂ ಬೂದಿ ಬಣ್ಣ.