ಮುಂಗಡ ಪಡೆಯುವ ಮೊದಲು ವಾಪಸ್ ಕೊಡುವುದನ್ನು ಯೋಚಿಸಿ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಅತ್ತಿಗೆಯ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಎರಡು ಹಾಸಿಗೆ, ಮುಕ್ಕಾಲು ಗಂಟೆಗೊಬ್ಬ ರೋಗಿ, ಮುಂಗೋಣೆಯ ಮೇಜಿನ ಮೇಲೆ ಸಮಯ ಬರೆದಿಡುವ ಉದ್ದನೆಯ ಪುಸ್ತಕ. ಕಳೆದ ದಸರಾ ರಜೆಯಲ್ಲಿ ಒಂದೇ ಬೆಳಗ್ಗೆ ಮೂವರು ಹೇಳದೆ ಕೇಳದೆ ಕೈಕೊಟ್ಟರು. ಒಬ್ಬರ ಮನೆಗೆ ನೆಂಟರು ಬಂದಿದ್ದರು, ಇನ್ನೊಬ್ಬರಿಗೆ ಸೊಂಟ ನೋವು ತಾನಾಗಿಯೇ ಕಡಿಮೆಯಾಗಿತ್ತು, ಮೂರನೆಯವರು ಫೋನ್ ಎತ್ತಲಿಲ್ಲ. ಹೋದ ಗಂಟೆಯನ್ನು ಅಂಗಡಿಯ ಸರಕಿನಂತೆ ನಾಳೆ ಮಾರಲು ಬರುವುದಿಲ್ಲ. ಅಂದು ಸಂಜೆಯೇ ಅತ್ತಿಗೆ, "ಇನ್ನು ಮೇಲೆ ಮುಂಗಡ ಕೊಟ್ಟವರಿಗೆ ಮಾತ್ರ ಸಮಯ. ಆನ್‌ಲೈನ್‌ನಲ್ಲಿ ದುಡ್ಡು ಪಡೆಯಲು ಯಾವುದು ಒಳ್ಳೆಯದು, ನೋಡಿ ಹೇಳು" ಎಂದರು.

ಲೆಕ್ಕಪತ್ರದ ಕೆಲಸ ನನ್ನದಾದ್ದರಿಂದ ನಾನು ನೇರವಾಗಿ ಪೇಮೆಂಟ್ ಗೇಟ್‌ವೇಗಳ, ಅಂದರೆ ಆನ್‌ಲೈನ್ ಪಾವತಿಯನ್ನು ನಡೆಸಿಕೊಡುವ ಕಂಪನಿಗಳ, ಶುಲ್ಕದ ಪಟ್ಟಿಗೆ ಕೈ ಹಾಕಿದೆ. ಎಲ್ಲಿ ಕಮಿಷನ್ ಕಡಿಮೆ ಎಂದು ಎರಡು ರಾತ್ರಿ ಹುಡುಕಿದೆ. ಅದು ದಂಡವಾಯಿತು. ಸಮಯ ಕಾಯ್ದಿರಿಸುವ ಕಸುಬಿನಲ್ಲಿ, ಅದು ದಂತ ವೈದ್ಯರದ್ದಿರಲಿ, ಬ್ಯೂಟಿ ಪಾರ್ಲರ್ ಇರಲಿ, ವೀಣೆಯ ಪಾಠವಿರಲಿ, ಹಣ ಒಳಗೆ ಬರುವುದು ಕಷ್ಟವಲ್ಲ. ಬಂದದ್ದನ್ನು ವಾಪಸ್ ಕೊಡುವುದು, ಬೇರೆ ದಿನಕ್ಕೆ ಹೊಂದಿಸುವುದು, ಅರ್ಧ ಕೊಡುವುದು, ಕೊಡದಿರುವುದು ಇವೇ ತಲೆನೋವು. ಆದ್ದರಿಂದ ನಾನು ಹೇಳುವ ಕ್ರಮ ಸ್ವಲ್ಪ ಹಿಂದುಮುಂದಾಗಿ ಕಾಣಬಹುದು.

ಮೊದಲು, ಗೇಟ್‌ವೇ ಬೇಕೇ ಬೇಕೇ?

ನಿಮ್ಮ ಗ್ರಾಹಕರು ಕೆಲಸ ಮುಗಿದ ಮೇಲೆ ಎದುರಿಗೆ ನಿಂತು ಹಣ ಕೊಡುವವರಾದರೆ ಪೇಮೆಂಟ್ ಗೇಟ್‌ವೇ ಬೇಡ. ಮೇಜಿನ ಮೇಲೊಂದು ಕ್ಯೂಆರ್ ಕೋಡ್ ಸಾಕು. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಪಾವತಿಗೆ 2020ರ ಜನವರಿ 1ರಿಂದ ವ್ಯಾಪಾರಿಯಿಂದ ಎಂಡಿಆರ್, ಅಂದರೆ ಬ್ಯಾಂಕುಗಳು ಮುರಿದುಕೊಳ್ಳುವ ಕಮಿಷನ್, ವಸೂಲಾಗುವುದಿಲ್ಲ. ಆದರೆ ಆ ಕ್ಯೂಆರ್ ವ್ಯಾಪಾರಿ ಖಾತೆಯದಾಗಿರಲಿ, ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯದಲ್ಲ. ಮನೆಖರ್ಚು, ಮಗನ ಫೀಸು, ತಂಗಿ ತೀರಿಸಿದ ಕೈಸಾಲ, ಕ್ಲಿನಿಕ್ಕಿನ ಆದಾಯ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಆಮೇಲೆ ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡದ್ದು ನೆನಪಿರಬೇಕು. ಜಿಎಸ್‌ಟಿ ನೋಂದಣಿಯ ಮಿತಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ. ನಮ್ಮಂಥವರು ಎರಡನೆಯ ಸಾಲಿನವರು. ಚೀಟಿ ಅಂಟಿಸುವುದಕ್ಕಿಂತ ಖಾತೆ ಬೇರೆ ಮಾಡುವುದು ಸುಲಭ.

ಗೇಟ್‌ವೇ ಬೇಕಾಗುವುದು ಗ್ರಾಹಕ ಎದುರಿಗಿಲ್ಲದಾಗ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಕುಳಿತು ಶನಿವಾರದ ಸಮಯ ಆರಿಸುತ್ತಾನೆ, ಆಗಲೇ ಮುಂಗಡ ಕಟ್ಟಬೇಕು, ಕಟ್ಟಿದೊಡನೆ ಆ ಸಮಯ ಅವನ ಹೆಸರಿಗೆ ಬೀಳಬೇಕು.

ಎರಡನೆಯದು, ಒಂದು ಹಾಳೆ ಕಾಗದ

ಯಾವ ಕಂಪನಿಯ ಜಾಲತಾಣವನ್ನೂ ತೆರೆಯುವ ಮುಂಚೆ ನಿಮ್ಮ ರದ್ದತಿ ನಿಯಮವನ್ನು ಕೈಯಾರೆ ಬರೆಯಿರಿ. ಅತ್ತಿಗೆ ಬರೆದದ್ದು ಇಷ್ಟು: ಒಂದು ಸಲದ ಚಿಕಿತ್ಸೆಗೆ 600 ರೂಪಾಯಿ, ಅದರಲ್ಲಿ 200 ಮುಂಗಡ. ಹಿಂದಿನ ದಿನ ಸಂಜೆ ಆರರೊಳಗೆ ತಿಳಿಸಿದರೆ ಮುಂಗಡ ಬೇರೆ ದಿನಕ್ಕೆ ವರ್ಗವಾಗುತ್ತದೆ, ಇಲ್ಲವೇ ವಾಪಸ್. ಆಮೇಲೆ ತಿಳಿಸಿದರೆ ಒಂದು ಸಲ ಮಾತ್ರ ವರ್ಗ. ತಿಳಿಸದೇ ಇದ್ದರೆ ಹೋಯಿತು. ಕ್ಲಿನಿಕ್ಕಿನವರೇ ರದ್ದು ಮಾಡಿದರೆ ಪೂರ್ತಿ ವಾಪಸ್, ಮಾತಿಲ್ಲ.

'ವಾಪಸ್' ಎಂಬುದಕ್ಕಿಂತ ಮೊದಲು 'ವರ್ಗ' ಎಂಬ ಪದ ಬಂದದ್ದನ್ನು ಗಮನಿಸಿ. ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ ಹಣ ಪಡೆದಾಗ ಮುರಿದುಕೊಂಡ ಶುಲ್ಕವನ್ನು ನೀವು ಹಣ ಹಿಂದಿರುಗಿಸಿದಾಗ ಬಿಟ್ಟುಕೊಡುವುದಿಲ್ಲ. ಗ್ರಾಹಕನಿಗೆ ಪೂರ್ತಿ 200 ಹೋಗುತ್ತದೆ, ಶುಲ್ಕ ನಿಮ್ಮ ಕೈಯಿಂದ. ಬೇರೆ ದಿನಕ್ಕೆ ವರ್ಗ ಮಾಡಿದರೆ ಆ ನಷ್ಟವಿಲ್ಲ, ರೋಗಿಯೂ ಕೈತಪ್ಪುವುದಿಲ್ಲ.

ಈ ಹಾಳೆ ಹೇಗೂ ಬೇಕಾಗುತ್ತದೆ. ಖಾತೆ ತೆರೆಯುವಾಗ ಕಂಪನಿಗಳು ನಿಮ್ಮ ಜಾಲತಾಣದಲ್ಲಿ ರದ್ದತಿ ಮತ್ತು ಮರುಪಾವತಿ ನಿಯಮ, ಷರತ್ತುಗಳು, ಸಂಪರ್ಕ ವಿಳಾಸ ಇವೆಯೇ ಎಂದು ನೋಡುತ್ತವೆ. ಯಾರದ್ದೋ ಪುಟದಿಂದ ನಕಲು ಮಾಡಿದ ನಿಯಮ ಅಲ್ಲಿ ನಡೆದೀತು. ಗ್ರಾಹಕ ಜಗಳಕ್ಕೆ ಬಂದ ದಿನ ನಡೆಯುವುದಿಲ್ಲ.

ಈಗ ಶುಲ್ಕದ ಲೆಕ್ಕ

ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೋ, ಫೋನ್‌ಪೇ ಇವೆಲ್ಲ ಬೆಂಗಳೂರಿನಲ್ಲೇ ನೆಲೆ ಮಾಡಿಕೊಂಡಿರುವ ಕಂಪನಿಗಳು. ಪೇಯು, ಸಿಸಿಅವೆನ್ಯೂ, ಪೇಟಿಎಂ ಹೊರಗಿನವು. ಪ್ರಕಟಿತ ದರಗಳು ಬದಲಾಗುತ್ತಿರುತ್ತವೆ. ಅಂದಾಜಿಗೆ ಶೇ 2 ಎಂದಿಟ್ಟುಕೊಳ್ಳಿ, ಅದರ ಮೇಲೆ ಶೇ 18 ಜಿಎಸ್‌ಟಿ. ಈ ಜಿಎಸ್‌ಟಿ ಬೀಳುವುದು ಶುಲ್ಕದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ.

600 ರೂಪಾಯಿಯನ್ನು ಪೂರ್ತಿಯಾಗಿ ಗೇಟ್‌ವೇ ಮೂಲಕ ಪಡೆದರೆ ಶುಲ್ಕ 12 ರೂಪಾಯಿ, ಜಿಎಸ್‌ಟಿ 2 ರೂಪಾಯಿ 16 ಪೈಸೆ, ಒಟ್ಟು 14.16. ತಿಂಗಳಿಗೆ 180 ರೋಗಿಗಳಾದರೆ 2,548 ರೂಪಾಯಿ 80 ಪೈಸೆ. ಮುಂಗಡ 200 ಮಾತ್ರ ಗೇಟ್‌ವೇಯಲ್ಲಿ, ಉಳಿದ 400 ಮೇಜಿನ ಕ್ಯೂಆರ್‌ನಲ್ಲಿ ಎಂದರೆ ಒಬ್ಬರಿಗೆ 4.72, ತಿಂಗಳಿಗೆ 849 ರೂಪಾಯಿ 60 ಪೈಸೆ. ಕಂಪನಿಯಿಂದ ಕಂಪನಿಗೆ ಇರುವ ಕಾಲು ಪರ್ಸೆಂಟ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡಿದ್ದ ನನಗೆ ಈ ಲೆಕ್ಕ ಹಾಕಿದಾಗ ನಗು ಬಂತು.

ಎರಡು ಕಡೆ ಎಡವುತ್ತೇವೆ. ಯುಪಿಐಗೆ ಕಮಿಷನ್ ಸೊನ್ನೆ ಎಂದು ಕಾನೂನಿದ್ದರೂ ಗೇಟ್‌ವೇ ತನ್ನ ತಂತ್ರಜ್ಞಾನಕ್ಕೆಂದು ಪ್ಲಾಟ್‌ಫಾರಂ ಶುಲ್ಕ ಹಾಕಬಹುದು. ಆದ್ದರಿಂದ "ಯುಪಿಐ ಮುಂಗಡ 200 ಬಂದರೆ ನನ್ನ ಖಾತೆಗೆ ಬೀಳುವುದೆಷ್ಟು?" ಎಂದು ರೂಪಾಯಿಯಲ್ಲಿ ಕೇಳಿ, ಉತ್ತರವನ್ನು ಇ–ಮೇಲ್‌ನಲ್ಲಿ ಪಡೆಯಿರಿ. ಇನ್ನೊಂದು, ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕ್ಲಿನಿಕ್ಕಿನವರು ಆ 18 ಪರ್ಸೆಂಟನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಮರಳಿ ಪಡೆಯುವಂತಿಲ್ಲ. ಅದು ಪೂರ್ತಿ ಖರ್ಚೇ.

ರಿಸರ್ವ್ ಬ್ಯಾಂಕಿನ ಪಟ್ಟಿ

ಇದು ಐದು ನಿಮಿಷದ ಕೆಲಸ, ತಪ್ಪಿಸಬೇಡಿ. ನಾವು ಗೇಟ್‌ವೇ ಎಂದು ಕರೆಯುವವರಲ್ಲಿ ಗ್ರಾಹಕರ ಹಣವನ್ನು ಕೈಯಲ್ಲಿ ಹಿಡಿದು ನಿಮಗೆ ದಾಟಿಸುವವರನ್ನು ರಿಸರ್ವ್ ಬ್ಯಾಂಕ್ 'ಪೇಮೆಂಟ್ ಅಗ್ರಿಗೇಟರ್' ಎನ್ನುತ್ತದೆ. 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಿಂದ ಶುರುವಾಗಿ ಬ್ಯಾಂಕೇತರ ಕಂಪನಿಗಳು ಇದಕ್ಕೆ ಅನುಮತಿ ಪಡೆಯಬೇಕು, ವ್ಯಾಪಾರಿಗಳ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ, ಅಂದರೆ ಕಂಪನಿ ತನ್ನ ಖರ್ಚಿಗೆ ಮುಟ್ಟಲಾಗದ ಖಾತೆಯಲ್ಲಿ, ಪ್ರತ್ಯೇಕವಾಗಿಡಬೇಕು. ಅನುಮತಿ ಸಿಕ್ಕವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಬ್ರ್ಯಾಂಡ್ ಹೆಸರಿನಲ್ಲಿ ಹುಡುಕಿದರೆ ಸಿಗದಿರಬಹುದು. ಒಪ್ಪಂದ ಪತ್ರದಲ್ಲಿರುವ ಕಂಪನಿಯ ನೋಂದಾಯಿತ ಹೆಸರಿನಲ್ಲಿ ಹುಡುಕಿ. 2022ರ ಕೊನೆಯಲ್ಲಿ ಕೆಲವು ದೊಡ್ಡ ಕಂಪನಿಗಳಿಗೇ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳದಂತೆ ತಡೆ ಬಿದ್ದು, ತೆರವಾಗಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿದಿತ್ತು.

ಒಂದೇ ಸಮಯಕ್ಕೆ ಇಬ್ಬರು ಬಂದ ಶನಿವಾರ

ಈ ಭಾಗವನ್ನು ನಿಧಾನವಾಗಿ ಓದಿ. ನಾವು ಪೆಟ್ಟು ತಿಂದದ್ದು ಇಲ್ಲೇ.

ವ್ಯವಸ್ಥೆ ಶುರುವಾದ ಎರಡನೆಯ ವಾರ. ಶನಿವಾರ ಹತ್ತೂವರೆಗೆ ಮಂಡಿ ನೋವಿನ ಹಿರಿಯರೊಬ್ಬರು ಮಗಳ ಕೈ ಹಿಡಿದು ಬಂದರು. ಅದೇ ಸಮಯಕ್ಕೆ ಭುಜ ಸೆಳೆತದ ಯುವಕನೊಬ್ಬ ಹಾಜರಾದ. ಇಬ್ಬರ ಮೊಬೈಲಿನಲ್ಲೂ 200 ರೂಪಾಯಿ ಕಡಿತವಾದ ಸಂದೇಶ. "ಮೇಡಂ, ದುಡ್ಡು ಕಟ್ ಆಗಿದೆ, ನೀವೇ ನೋಡಿ" ಎಂದು ಮಗಳು ಫೋನನ್ನು ಮೇಜಿನ ಮೇಲಿಟ್ಟರು. ಆದದ್ದು ಇಷ್ಟೇ: ಮಗಳು ಹಣ ಕಟ್ಟಿದಾಗ ಅವರ ಬ್ಯಾಂಕಿನಿಂದ ಉತ್ತರ ತಡವಾಯಿತು. ನಮ್ಮ ಪುಟ 'ಪಾವತಿ ವಿಫಲ' ಎಂದು ತೋರಿಸಿ ಸಮಯವನ್ನು ಬಿಟ್ಟುಕೊಟ್ಟಿತು, ಯುವಕ ಅದನ್ನು ಹಿಡಿದ. ಹತ್ತು ನಿಮಿಷದ ನಂತರ ಮೊದಲಿನ ಪಾವತಿ 'ಯಶಸ್ವಿ' ಎಂದು ಬದಲಾಯಿತು. ಅದನ್ನು ನೋಡಲು ನಮ್ಮ ಕಡೆ ಯಾರೂ ಇರಲಿಲ್ಲ.

ಇಂಥ ತಡವಾದ ಯಶಸ್ಸು ಎಲ್ಲ ಕಂಪನಿಗಳಲ್ಲೂ ಇರುವಂಥದ್ದು, ತಪ್ಪಿಸಲಾಗದು. ಅದನ್ನು ನಿಭಾಯಿಸುವ ದಾರಿ ಇದೆಯೇ ಎಂಬುದನ್ನು ಕೇಳಬೇಕು. ಪಾವತಿ ನಡೆಯುವಾಗ ಆ ಸಮಯವನ್ನು ಹತ್ತು ಹದಿನೈದು ನಿಮಿಷ ಹಿಡಿದಿಡಲು ಸಾಧ್ಯವೇ? ಗಡುವು ಮೀರಿ ಬಂದ ಹಣವನ್ನು ತಾನಾಗಿಯೇ ಹಿಂದಿರುಗಿಸುವಂತೆ ಹೊಂದಿಸಬಹುದೇ? ಗ್ರಾಹಕ ಬ್ರೌಸರ್ ಮುಚ್ಚಿದರೂ ಹಣ ಬಂದ ಸುದ್ದಿ ನೇರವಾಗಿ ನಿಮ್ಮ ಬುಕಿಂಗ್ ವ್ಯವಸ್ಥೆಗೆ ತಲುಪುತ್ತದೆಯೇ? ಈ ಸುದ್ದಿಗೆ ತಂತ್ರಜ್ಞರು 'ವೆಬ್‌ಹುಕ್' ಎನ್ನುತ್ತಾರೆ. ನಿಮ್ಮ ಜಾಲತಾಣ ಮಾಡಿಕೊಟ್ಟ ಹುಡುಗನಿಗೆ ಆ ಒಂದು ಪದ ಹೇಳಿ. ಅವನ ಮುಖ ಅರಳಿದರೆ ಸರಿ, ಪಿಳಿಪಿಳಿ ನೋಡಿದರೆ ಬೇರೆಯವರನ್ನು ಹುಡುಕಿ.

ಗ್ರಾಹಕನ ಖಾತೆಯಿಂದ ಹಣ ಹೋಗಿ ನಿಮಗೆ ಖಾತರಿ ಸಿಗದೇ ಇದ್ದರೆ ಅದನ್ನು ಐದು ದಿನದೊಳಗೆ ಹಿಂದಿರುಗಿಸಬೇಕೆಂದು 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮೇಜಿನ ಹಿಂದೆ ಕೂರುವವರಿಗೆ ಇದು ಬಾಯಿಪಾಠವಾಗಿರಲಿ, ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ಹಾಗೆಯೇ ಗ್ರಾಹಕ ತೋರಿಸುವ ಸ್ಕ್ರೀನ್‌ಶಾಟ್ ನಂಬಬಾರದು. ನಮ್ಮ ಖಾತೆಯ ಪುಟದಲ್ಲಿ ಕಂಡರೆ ಮಾತ್ರ ಬಂದಂತೆ.

ನೀವು ಮಾಡುವ ಮರುಪಾವತಿಯ ಬಗ್ಗೆ ಕೇಳಬೇಕಾದವು ಇನ್ನೂ ಇವೆ. ಭಾಗಶಃ ಮರುಪಾವತಿ ಸಾಧ್ಯವೇ, ಗ್ರಾಹಕನಿಗೆ ಎಷ್ಟು ದಿನದಲ್ಲಿ ತಲುಪುತ್ತದೆ, ಆ ದಿನ ಬೇರೆ ಜಮೆ ಇಲ್ಲದಿದ್ದರೆ ಹಣ ಎಲ್ಲಿಂದ ಹೋಗುತ್ತದೆ? ಕೊನೆಯದು ಮುಖ್ಯ. ಬಂದ ಹಣ ಒಂದೆರಡು ಕೆಲಸದ ದಿನಗಳಲ್ಲಿ ನಿಮ್ಮ ಬ್ಯಾಂಕಿಗೆ ದಾಟಿಬಿಡುತ್ತದೆ. ಡಾಕ್ಟರಿಗೇ ಜ್ವರ ಬಂದು ಒಂದೇ ದಿನ ಹದಿನೈದು ಜನರಿಗೆ ವಾಪಸ್ ಮಾಡಬೇಕಾದಾಗ ಗೇಟ್‌ವೇ ಖಾತೆಯಲ್ಲಿ ಹಣವಿರದಿದ್ದರೆ ಮರುಪಾವತಿ ಅಲ್ಲೇ ನಿಲ್ಲುತ್ತದೆ.

ಹಣವನ್ನೇ ತೆಗೆದುಕೊಳ್ಳದ ಉಪಾಯವೂ ಒಂದಿದೆ. 2018ರ ಆಗಸ್ಟ್‌ನಲ್ಲಿ ಬಂದ ಯುಪಿಐ 2.0ರಲ್ಲಿ ಗ್ರಾಹಕನ ಖಾತೆಯಲ್ಲೇ ಮೊತ್ತವನ್ನು ತಡೆಹಿಡಿದು ಆಮೇಲೆ ಪಡೆಯುವ ಒಂದು ಸಲದ ಮ್ಯಾಂಡೇಟ್, ಅಂದರೆ ಗ್ರಾಹಕ ಮೊದಲೇ ಕೊಡುವ ಒಪ್ಪಿಗೆ, ಸೇರಿತು. ಬಂದರೆ ಬಿಲ್ಲಿಗೆ ಹೊಂದಿಸಿ, ಬರದಿದ್ದರೆ ಪಡೆಯಿರಿ, ನಿಯಮದಂತೆ ರದ್ದಾದರೆ ಬಿಟ್ಟುಬಿಡಿ. ಹಿಂದಿರುಗಿಸುವ ಮಾತೇ ಇಲ್ಲ. ನೀವು ನೋಡುತ್ತಿರುವ ಕಂಪನಿ ಇದನ್ನು ಕೊಡುತ್ತದೆಯೇ ಎಂದು ತಪ್ಪದೆ ಕೇಳಿ.

ಕಾರ್ಡಿನವರ ತಕರಾರು ಬೇರೆ. "ನಾನು ಈ ಸೇವೆ ಪಡೆದೇ ಇಲ್ಲ" ಎಂದು ಗ್ರಾಹಕ ತನ್ನ ಬ್ಯಾಂಕಿಗೆ ಹೇಳಿದರೆ ಕೆಲವೇ ದಿನಗಳಲ್ಲಿ ನೀವು ಪುರಾವೆ ಕೊಡಬೇಕು. ಅತ್ತಿಗೆಯ ಉದ್ದನೆಯ ಪುಸ್ತಕ ಇಲ್ಲಿ ಉಪಯೋಗಕ್ಕೆ ಬಂತು. ಮುಂಗಡ ಕೊಟ್ಟವರ ಹೆಸರು ಕೆಂಪು ಶಾಯಿಯಲ್ಲಿ, ಪಕ್ಕದಲ್ಲಿ ರೋಗಿಯ ಸಹಿ. ಒಮ್ಮೆ ಆ ಪುಟದ ಫೋಟೋ ಕಳಿಸಿಯೇ 600 ರೂಪಾಯಿ ಉಳಿಸಿಕೊಂಡೆವು.

ಮಗ ನ್ಯೂಜೆರ್ಸಿಯಲ್ಲಿ, ಅಮ್ಮ ಸರಸ್ವತಿಪುರಂನಲ್ಲಿ

ಮೈಸೂರಿನಂಥ ನಿವೃತ್ತರ ಊರಿನಲ್ಲಿ ಚಿಕಿತ್ಸೆ ಪಡೆಯುವವರು ಒಬ್ಬರು, ಹಣ ಕಟ್ಟುವವರು ಸಮುದ್ರದಾಚೆಯ ಮಕ್ಕಳು. ಅವರ ವಿದೇಶಿ ಕಾರ್ಡ್ ಪಡೆಯಬೇಕೆಂದರೆ ಆ ಸೌಲಭ್ಯಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ, ಶುಲ್ಕವೂ ಹೆಚ್ಚು. ಅದಕ್ಕೆ ಮೊದಲು ಅವರಿಗೆ ಇಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ, ಇದೆಯೇ ಎಂದು ಕೇಳಿ. 2023ರಿಂದ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ ಹಲವು ದೇಶಗಳ ಮೊಬೈಲ್ ಸಂಖ್ಯೆಗಳಿಗೆ ಆ ಖಾತೆಗಳ ಮೂಲಕ ಯುಪಿಐ ಬಳಸಲು ಅವಕಾಶವಾಗಿದೆ. ಅಲ್ಲಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಸಂಗೀತ ಹೇಳಿಕೊಡುವವರಿಗೂ ಇದು ಅನ್ವಯ. ತಿಂಗಳ ಫೀಸು ತಾನಾಗಿ ಬರಬೇಕೆನ್ನುವ ಸಂಗೀತದ ಮೇಷ್ಟರು ಯುಪಿಐ ಆಟೋಪೇ ಕೇಳಿ ನೋಡಲಿ.

ಕಾಗದಪತ್ರ, ಪರೀಕ್ಷೆ

ಪ್ಯಾನ್, ಆಧಾರ್, ರದ್ದು ಮಾಡಿದ ಚೆಕ್, ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಅಥವಾ ವ್ಯಾಪಾರ ಪರವಾನಗಿ. ಎಲ್ಲದರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಅತ್ತಿಗೆಯ ಪ್ಯಾನ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಬ್ಯಾಂಕಿನಲ್ಲಿ ಗಂಡನ, ಅಂದರೆ ನನ್ನ ಅಣ್ಣನ, ಹೆಸರು. ಅದೊಂದಕ್ಕೇ ಒಂಬತ್ತು ದಿನ ಹೋಯಿತು.

ಖಾತೆ ತೆರೆದ ಮೇಲೆ ಗ್ರಾಹಕರಿಗೆ ಹೇಳುವ ಮೊದಲು ನೀವೇ ಗ್ರಾಹಕರಾಗಿ. ಭಾನುವಾರ ರಾತ್ರಿ ಬೇರೆ ಫೋನಿನಿಂದ ಒಂದು ಸಮಯ ಹಿಡಿದು 200 ಕಟ್ಟಿ. ಹಣ ಕಟ್ಟುವ ನಡುವೆ ಬೇಕೆಂದೇ ಇಂಟರ್ನೆಟ್ ಆರಿಸಿ ನೋಡಿ. ಆಮೇಲೆ ರದ್ದು ಮಾಡಿ, ಹಣ ಯಾವ ದಿನ ಬಂತು ಎಂದು ಬರೆದಿಡಿ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಮನುಷ್ಯರು ಸಿಗುತ್ತಾರೆಯೇ ನೋಡಿ, ಕನ್ನಡದಲ್ಲಿ ಮಾತನಾಡಿದರೆ ಇನ್ನೂ ಒಳ್ಳೆಯದು. ನಾವು ಮೊದಲು ಆರಿಸಿದ್ದ ಕಂಪನಿಯಲ್ಲಿ ಕಟ್ಟಿದ್ದು ಭಾನುವಾರ, ವಾಪಸ್ ಬಂದದ್ದು ಮುಂದಿನ ಸೋಮವಾರ. ಎರಡನೆಯದರಲ್ಲಿ ಬುಧವಾರವೇ ಬಂತು. ಶುಲ್ಕ ತುಸು ಜಾಸ್ತಿ, ಆದರೂ ಅತ್ತಿಗೆ ಅದನ್ನೇ ಉಳಿಸಿಕೊಂಡರು.